ಹುಸೇನಪ್ಪನ ಶೋಲ್ಡರ್ ಬೋಲ್ಟು

ಭೀಮಾಶಂಕರ ಸ್ಪ್ಯಾನರನ್ನು ಇನ್ನೊಂದು ಸುತ್ತು ತಿರುಗಿಸಿದ. ನಟ್ಟು ಕಿರ್ರೆಂದಿತು. ವಠಾರದ ಮೆಟ್ಟಿಲ ಮೇಲೆ ಕೂತು, ಯಂಕಮ್ಮನ ಕ್ಯಾಲಿಪರನ್ನು ತೊಡೆಗಳ ನಡುವೆ ಅವುಚಿ, ಹಲ್ಲು ಕಚ್ಚಿ ಅವನು ಬಿಗಿಯುತ್ತಿದ್ದ ರೀತಿ ನೋಡಿದರೆ ರೈಲು ಸೇತುವೆಗೆ ಬೋಲ್ಟು ಹಾಕುತ್ತಿದ್ದಾನೆ ಎನ್ನಬೇಕು.

ಕ್ಯಾಲಿಪರ್ ಅಂದರೆ ಪೋಲಿಯೋದಲ್ಲಿ ಸೊರಗಿದ ಬಲಗಾಲಿಗೆ ಯಂಕಮ್ಮ ದಿನಾ ಕಟ್ಟಿಕೊಳ್ಳುವ ಆಸರೆ. ಕಾಲಿನ ಆಚೀಚೆ ಎರಡು ಉಕ್ಕಿನ ಪಟ್ಟಿ, ತೊಡೆಗೂ ಮೀನಖಂಡಕ್ಕೂ ತೊಗಲಿನ ಬೆಲ್ಟು, ಕೆಳಗೆ ಬೂಟು. ಪಟ್ಟಿಗಳು ಮಂಡಿಯ ಹತ್ತಿರ ಎರಡು ತುಂಡಾಗಿ, ಒಂದೊಂದು ಬೋಲ್ಟಿನ ಮೇಲೆ ತಿರುಗುತ್ತವೆ. ನಿಂತಾಗ ಒಂದು ಕೊಂಡಿ ಜಾರಿ ಮಂಡಿಯನ್ನು ನೆಟ್ಟಗೆ ಹಿಡಿಯುತ್ತದೆ; ಕೂರುವಾಗ ಕೊಂಡಿ ಎತ್ತಿದರೆ ಮಡಚುತ್ತದೆ. ಆ ಎರಡು ಬೋಲ್ಟು ಇದ್ದರೆ ಯಂಕಮ್ಮ ನಡೆಯುತ್ತಾಳೆ, ಕೂರುತ್ತಾಳೆ, ಪಿಜಿಯ ಅಡುಗೆಮನೆಯಲ್ಲಿ ನಿಂತು ಇನ್ನೂರು ಚಪಾತಿ ಲಟ್ಟಿಸುತ್ತಾಳೆ. ಇಲ್ಲದಿದ್ದರೆ ನೆಲಕ್ಕೆ ಕೈಯೂರಿ ತೆವಳಬೇಕು. ನಿನ್ನೆ ಬೆಳಿಗ್ಗೆಯಿಂದ ತೆವಳುತ್ತಲೇ ಇದ್ದಳು.

ನಿನ್ನೆ ಸಂಜೆ ಅವಳ ಗಂಡ ಹುಸೇನಪ್ಪ ಹೊಸ ತಿಪ್ಪಸಂದ್ರದ ಶೆಡ್ಡಿನಲ್ಲಿ ಉಕ್ಕು ಕಡೆಯುವ ಲೇತಿನ ಮುಂದೆಯೇ ಕುಸಿದು ಸತ್ತಿದ್ದ. ಎದೆ ನಿಂತಿದೆ ಎಂದರು ಆಸ್ಪತ್ರೆಯವರು. ಕೆಲಸದ ಜಾಗದಲ್ಲಿ ಹೋದ ಜೀವ ಎಂದು ಪೊಲೀಸರು ಹೆಣವನ್ನು ಕೊಯ್ಯಿಸಲು ಕಳಿಸಿ ಶೆಡ್ಡಿಗೆ ಬೀಗ ಹಾಕಿಕೊಂಡು ಹೋದರು. ಅಳತೆಗೆಂದು ಲೇತಿನ ಪಕ್ಕ ಇಟ್ಟಿದ್ದ ಯಂಕಮ್ಮನ ಬೋಲ್ಟುಗಳು ಆ ಬೀಗದ ಒಳಗೆ ಉಳಿದವು. ಸವೆದಿವೆ, ಹೊಸವು ಮಾಡಿ ತರುತ್ತೇನೆ ಎಂದು ಅವನೇ ಬೆಳಿಗ್ಗೆ ಬಿಚ್ಚಿಕೊಂಡು ಹೋಗಿದ್ದ.

ಬೆಳಗಾದ ಮೇಲೆ ಯಂಕಮ್ಮ ಯಾರ ಹತ್ತಿರವೂ ಹೆಚ್ಚು ಕೇಳಲಿಲ್ಲ. ಗಂಡನ ಹಿಂದೆ ಕುಣಿಯವರೆಗೆ ತನ್ನ ಕಾಲಿನಿಂದ ನಡೆದು ಹೋಗಬೇಕು, ತನ್ನ ಕೈಯಾರೆ ಮಣ್ಣು ಕೊಡಬೇಕು. ಇಷ್ಟೇ. ಹುಸೇನಪ್ಪನ ಪಕ್ಕದ ಮಷಿನಿನಲ್ಲಿ ಹತ್ತು ವರ್ಷ ತಗಡು ಕತ್ತರಿಸುವ ಪ್ರೆಸ್ಸು ನಡೆಸಿದ ಶಹಾಪುರದ ಭೀಮಾಶಂಕರ ಅದನ್ನು ತಲೆಯ ಮೇಲೆ ಹೊತ್ತುಕೊಂಡ. ಭಾನುವಾರ, ಯಾವ ವರ್ಕ್‌ಶಾಪೂ ತೆರೆದಿಲ್ಲ. ಲೇತು ಅವನಿಗೆ ಬಾರದು. ಕಡೆಗೆ ಅರ್ಧ ಶಟರು ಎತ್ತಿದ್ದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಮಾಮೂಲಿ ಬೋಲ್ಟೇ ತಂದ. ಸತ್ತವನ ಮೇಲಿನ ಪ್ರೀತಿಗೆ ಸ್ಟೇನ್‌ಲೆಸ್ ಸ್ಟೀಲಿನದು ತಂದ.

"ತುಕ್ಕು ಹಿಡಿಯಂಗಿಲ್ಲ ಯಕ್ಕ," ಎಂದ.

"ಅಲ್ಲಾಡಬಾರ್ದು ನೋಡು. ನಡುದಾರಿಗೆ ಬೀಳ್ತೀನಿ."

"ಹ್ಯಾಂಗ ಅಲ್ಲಾಡ್ತೈತಿ? ಜೀವಾ ಹಾಕಿ ಬಿಗದೀನಿ."

ನಿಜಕ್ಕೂ ಜೀವ ಹಾಕಿಯೇ ಬಿಗಿದಿದ್ದ. ಪಕ್ಕದ ಕೋಣೆಯ ನೌರೀನ್ ತನ್ನ ಮಂಚದ ಮೇಲೆ ಯಂಕಮ್ಮನನ್ನು ಮಲಗಿಸಿ, ಬಾಗಿಲು ಹಾಕಿ, ಬೆಲ್ಟುಗಳನ್ನು ಒಂದೊಂದಾಗಿ ಕಟ್ಟಿದಳು. ಎಬ್ಬಿಸಿದ್ದೂ ಅವಳೇ. ಯಂಕಮ್ಮ ನಿಂತಳು. ಒಂದು ದಿನದ ಮೇಲೆ ಲೋಕವನ್ನು ಅದರ ಸರಿಯಾದ ಎತ್ತರದಿಂದ ನೋಡಿದಳು. ಮಂಚದ ಅಂಚಿಗೆ ಕೂರೋಣ ಎಂದು ಕೊಂಡಿ ಎತ್ತಿದಳು. ಮಂಡಿ ಮಡಚಲಿಲ್ಲ. ನೌರೀನ್ ಎರಡೂ ಕೈಯಿಂದ ಒತ್ತಿದರೂ ಮಡಚಲಿಲ್ಲ.

ಭೀಮಾಶಂಕರನನ್ನು ಒಳಗೆ ಕರೆದರು. ಸ್ವಲ್ಪ ಸಡಿಲ ಮಾಡಿದರೆ ಮುಗಿಯಿತು ಎಂದುಕೊಂಡು ಬಂದವನು ಸ್ಪ್ಯಾನರಿಗೆ ಮೈಭಾರ ಬಿಟ್ಟರೂ ನಟ್ಟು ಮಿಸುಕಲಿಲ್ಲ. ಸ್ಟೇನ್‌ಲೆಸ್ಸಿಗೆ ಸ್ಟೇನ್‌ಲೆಸ್ ನಟ್ಟು ಹಾಕಿ ಎಣ್ಣೆ ತೋರಿಸದೆ ಬಿಗಿದರೆ ಥ್ರೆಡ್ಡುಗಳು, ಅಂದರೆ ತಿರುಪಿನ ಗೆರೆಗಳು, ಒಂದನ್ನೊಂದು ಕಚ್ಚಿ ಬೆಸುಗೆ ಹಾಕಿದ ಹಾಗೆ ಆಗಿಬಿಡುತ್ತವೆ. ಹುಸೇನಪ್ಪನಿಗೆ ಇದು ಗೊತ್ತಿತ್ತು. ಗೊತ್ತಿದ್ದವನು ಹೊರಗೆ ಆಂಬುಲೆನ್ಸಿನಲ್ಲಿ ಬಂದಿದ್ದ. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರಲ್ಲ, ಅದು ಬೋಲ್ಟಿಗೂ ಸಲ್ಲುತ್ತದೆ ಎಂದು ಭೀಮಾಶಂಕರನಿಗೆ ಆವತ್ತು ತಿಳಿಯಿತು.

ಚಟ್ಟ ಕಟ್ಟುವವರ ಹತ್ತಿರ ಬಿದಿರು ಕೊಯ್ಯುವ ಗರಗಸ ಇದೆ, ತಂದು ಕತ್ತರಿಸುತ್ತೇನೆ ಎಂದ. ಕತ್ತರಿಸಿದರೆ ಹಾಕಲು ಬೇರೆ ಬೋಲ್ಟು ಇದೆಯಾ ಎಂದು ಯಂಕಮ್ಮ ಕೇಳಿದಳು. ಇರಲಿಲ್ಲ; ಅಂಗಡಿಯವನು ಅವನಿಗೆ ಎರಡು ಕೊಟ್ಟು ಶಟರು ಎಳೆದಿದ್ದ.

"ಹಂಗಾರ ಇರ್ಲಿ ಬಿಡು," ಎಂದಳು. "ಮೊದ್ಲು ನಡೀಬೇಕು. ಕುಂದ್ರೋದು ಆಮ್ಯಾಲ."

*

ಹೆಣ್ಣು ನೋಡಲು ಬಂದ ಗಂಡು ಹೆಣ್ಣಿನ ಮುಖ ಬಿಟ್ಟು ಕಾಲಿನ ಕ್ಯಾಲಿಪರ್ ನೋಡುತ್ತ ಕೂತಿದ್ದನ್ನು ಯಂಕಮ್ಮನ ಊರಿನವರು ಇಪ್ಪತ್ತಾರು ವರ್ಷವಾದರೂ ಮರೆತಿಲ್ಲ. ದೇವದುರ್ಗದ ಹತ್ತಿರದ ಹಳ್ಳಿ. ಯಾವುದೋ ಶಿಬಿರದಲ್ಲಿ ಪುಕ್ಕಟೆ ಕೊಟ್ಟ ಕ್ಯಾಲಿಪರ್ ಅದು. ಹೆಜ್ಜೆ ಇಟ್ಟರೆ ಮಂಡಿ ಕಟಕಟ ಎನ್ನುತ್ತಿತ್ತು, ತೊಡೆಯ ಒಳಗೆ ತರಚಿ ಹುಣ್ಣಾಗಿತ್ತು. ಚಹಾ ಕೊಟ್ಟು ಹಿಂತಿರುಗುವಾಗ ಗಂಡು ಬಾಯಿ ಬಿಟ್ಟ. ಎಲ್ಲರೂ ಕಿವಿಗೊಟ್ಟರು. "ಇದಕ್ಕ ತಪ್ಪು ಬೋಲ್ಟ್ ಹಾಕ್ಯಾರ," ಎಂದ.

ಅವಳ ಅಪ್ಪನಿಗೆ ಅವಮಾನವಾಯಿತು. ಯಂಕಮ್ಮನಿಗೆ ನಗು ಬಂತು. ಆ ನಗುವಿನಲ್ಲೇ ಮದುವೆ ಕುದುರಿತು.

ಬೆಂಗಳೂರಿಗೆ ಬಂದ ಎಂಟನೇ ದಿನಕ್ಕೆ ಎರಡು ಬೋಲ್ಟು ಮಾಡಿ ತಂದ. ಶೆಡ್ಡಿನಲ್ಲಿ ದಿನಾ ಅದನ್ನೇ ಮಾಡುವವನು. ಪ್ರೆಸ್ಸಿನ ಡೈಯಲ್ಲಿ, ಅಂದರೆ ಅಚ್ಚಿನಲ್ಲಿ, ತಗಡು ಕತ್ತರಿಸಿದ ಮೇಲೆ ಅದನ್ನು ಬಿಡಿಸಲು ಒಂದು ಪ್ಲೇಟು ಮೇಲೆ ಕೆಳಗೆ ಜಾರುತ್ತದೆ. ಜಾರುವುದು ಈ ಬೋಲ್ಟುಗಳ ಮೈ ಮೇಲೆ. ಶೋಲ್ಡರ್ ಬೋಲ್ಟು ಎಂದು ಹೆಸರು. ಮಾಮೂಲಿ ಬೋಲ್ಟಿನ ಹಾಗೆ ಉದ್ದಕ್ಕೂ ಥ್ರೆಡ್ಡಿಲ್ಲ. ತಲೆಯ ಕೆಳಗೆ ನುಣುಪಾದ ದಪ್ಪ ಮೈ, ತುದಿಗೆ ಮಾತ್ರ ಮೈಗಿಂತ ಸಣ್ಣದಾದ ಥ್ರೆಡ್ಡಿನ ಬಾಲ. ಬಾಲ ಆಚೆಯ ಪಟ್ಟಿಯನ್ನು ಕಚ್ಚಿ ಹಿಡಿಯುತ್ತದೆ. ಮೈಯ ಅಂಚು ಆ ಪಟ್ಟಿಗೆ ತಾಗಿತೋ, ಆಮೇಲೆ ಭೀಮಸೇನನೇ ಬಂದು ತಿರುಗಿಸಿದರೂ ಬೋಲ್ಟು ಮುಂದೆ ಹೋಗದು. ಈಚೆಯ ಪಟ್ಟಿ ನುಣುಪು ಮೈಯನ್ನು ಸುತ್ತಿ ತನ್ನ ಪಾಡಿಗೆ ತಾನು ತಿರುಗಿಕೊಂಡಿರುತ್ತದೆ.

"ಪಟ್ಟಿ ದಪ್ಪ ಐದು ಎಂಎಂ ಐತಂದ್ರ ಇದರ ಮೈ ಐದಕ್ಕಿಂತ ಕೂದಲೆಳಿಯಷ್ಟು ಉದ್ದ ಇಡಬೇಕು," ಎಂದು ಅವಳ ಕಾಲ ಬಳಿ ಕೂತು ಹೇಳಿದ್ದ. "ಬೋಲ್ಟ್ ಬಿಗಿ ಇರಬೇಕು. ಅದು ಹಿಡ್ಕೊಂಡಿದ್ದು ಬಿಗೀಬಾರ್ದು. ಇಷ್ಟ ನೋಡು ಇದರ ಗುಟ್ಟು."

ಹೊಸ ಹೆಂಡತಿಗೆ ಹೇಳುವ ಮಾತಾ ಇದು ಎಂದು ಅವಳು ಕಾಡಿದಳು. ಅವನಿಗೆ ಬೇರೆ ಮಾತೇ ಬರುತ್ತಿರಲಿಲ್ಲ. ಆವತ್ತು ಸಂಜೆ ಅವಳನ್ನು ರಸೆಲ್ ಮಾರುಕಟ್ಟೆಗೆ ಕರೆದುಕೊಂಡು ಹೋದ. ಹಣ್ಣಿನ ಸಾಲು, ಹೂವಿನ ಸಾಲು, ಮೀನಿನ ಸಾಲು, ಎಲ್ಲ ಸುತ್ತಿಸಿದ, ಏನೂ ಕೊಳ್ಳಲಿಲ್ಲ. ಅವಳು ಹೆಜ್ಜೆ ಇಡುವುದನ್ನು ಹಿಂದಿನಿಂದ ಕೇಳಿಸಿಕೊಳ್ಳುತ್ತ ಬಂದ. ಮಂಡಿ ಸದ್ದು ಮಾಡಲಿಲ್ಲ. ಮಕ್ಕಳಾಗಲಿಲ್ಲ ಅವರಿಗೆ. ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಬೋಲ್ಟು ಸವೆದು ಕಟಕಟ ಶುರುವಾದರೆ, ಅವಳಿಗಿಂತ ಮೊದಲು ಅವನಿಗೆ ಕೇಳಿಸುತ್ತಿತ್ತು.

*

ಅವರಲ್ಲಿ ಹೆಣವನ್ನು ಮಲಗಿಸಿ ಇಡುವ ಪದ್ಧತಿಯಿಲ್ಲ. ಬಾಗಿಲ ಮುಂದೆ ಕೂರಿಸಬೇಕು. ರಾತ್ರಿ ಬಸ್ಸು ಹಿಡಿದು ಲಿಂಗಸುಗೂರಿನಿಂದ ಬಂದಿದ್ದ ಹುಸೇನಪ್ಪನ ಸೋದರತ್ತೆ ಲಕ್ಷ್ಮಿದೇವಿ, ಕೊಯ್ದ ಹೆಣವಾದರೇನು, ನಮ್ಮ ಹುಡುಗ ಕುಂತೇ ಹೋಗಬೇಕು ಎಂದಳು. ಮನೆಯ ಮಾಲೀಕ ಮುನಿನಾರಾಯಣಪ್ಪ ತಮ್ಮ ಮನೆಯ ಕೆಂಪು ಪ್ಲಾಸ್ಟಿಕ್ ಕುರ್ಚಿ ಕೊಟ್ಟರು. ಗಂಡಸರು ಅದಕ್ಕೆ ಎರಡು ಬಿದಿರು ಬಿಗಿದರು.

ಹುಸೇನಪ್ಪ ಸೆಟೆದಿದ್ದ. ಲಕ್ಷ್ಮಿದೇವಿ ಬಿಸಿನೀರು ಹುಯ್ದಳು, ಮಂಡಿಗಳನ್ನು ತಿಕ್ಕಿದಳು, ಭೀಮಾಶಂಕರನಿಗೆ ಪಾದ ಹಿಡಿಯಲು ಹೇಳಿ ಒತ್ತಿದಳು. ಒಂದು ಮಂಡಿ ಮಡಚಿತು. ಇನ್ನೊಂದೂ ಮಡಚಿತು. ಅವನನ್ನು ಕುರ್ಚಿಯಲ್ಲಿ ಕೂರಿಸಿ, ಎದೆಗೆ ಪಂಚೆ ಸುತ್ತಿ ಹಿಂದಕ್ಕೆ ಕಟ್ಟಿ, ಹಣೆಗೆ ವಿಭೂತಿ ಹಚ್ಚಿ, ಚೆಂಡು ಹೂವಿನ ಹಾರ ಹಾಕಿದರು. ಐದು ಹೆಜ್ಜೆ ಈಚೆ ಯಂಕಮ್ಮ ಗೋಡೆಗೆ ಒರಗಿ ನಿಂತಿದ್ದಳು. ಸತ್ತವನು ಕೂತ, ಬದುಕಿದವಳಿಗೆ ಕೂರಲು ಬರಲಿಲ್ಲ. ಇಂಥ ಚೇಷ್ಟೆ ಮಾಡುವ ದೇವರಿಗೆ ಬೇರೆ ಕೆಲಸವಿರಲಿಲ್ಲವೇ ಎಂದುಕೊಂಡಳು.

ಹೆಂಗಸರು ಹೆಣದ ಸುತ್ತ ಕೂತರು. ಊರಿನ ಕಡೆಯವರು ರಾಗವಾಗಿ ಅಳಲು ಶುರು ಮಾಡಿದರು. ಗಂಡನ ಪಾದದ ಹತ್ತಿರ ಹೆಂಡತಿಯ ಜಾಗ ಖಾಲಿಯಿತ್ತು.

"ಕುಂದ್ರು ಬಾ ಯಂಕಮ್ಮ," ಎಂದಳು ಲಕ್ಷ್ಮಿದೇವಿ. "ಪೊಲೀಸರಂಗ ನಿಂತ್ರ ಮಂದಿ ಏನಂದಾರು?"

"ಕುಂದ್ರಾಕ ಬರವಲ್ದು ಅತ್ತಿ."

ಮುದುಕಿಗೆ ಅರ್ಥವಾಗಲಿಲ್ಲ. ಮದುವೆಯಲ್ಲಿ ಕೂತಿದ್ದಳು, ಊರಿನ ಮನೆಗೆ ಬಂದಾಗೆಲ್ಲ ಕೂತಿದ್ದಳು, ಈಗೇನು ಹೊಸದು ಎಂದು ಪಕ್ಕದವರ ಮುಖ ನೋಡಿದಳು. ಪಟ್ಟಣ ಸೇರಿದವರ ಬಿಂಕ ಎಂದು ಯಾರೋ ಗೊಣಗಿದ್ದು ಯಂಕಮ್ಮನಿಗೆ ಕೇಳಿಸಿತು. ಸೀರೆ ಎತ್ತಿ ಮಂಡಿ ತೋರಿಸುವುದಕ್ಕಾಗುತ್ತದೆಯೇ? ಕ್ಯಾಲಿಪರ್ ಬಿಚ್ಚಿ ಕೂತರೆ ಮತ್ತೆ ಮಲಗಿ ಕಟ್ಟಿಸಿಕೊಳ್ಳಬೇಕು; ಗೋಡೆಗೆ ಒರಗಿಯೇ ನಿಂತಳು. ಭೀಮಾಶಂಕರ ಆ ಕಡೆ ಮುಖ ಮಾಡಿಕೊಂಡು ಬಿದಿರಿಗೆ ಹಗ್ಗ ಸುತ್ತಿದ್ದನ್ನೇ ಮತ್ತೆ ಬಿಚ್ಚಿ ಸುತ್ತುತ್ತಿದ್ದ.

ಸಾವಿನ ಮನೆಯಲ್ಲಿ ಸತ್ತವನ ಗುಣ ಹೇಳುತ್ತಾರೆ. ಹುಸೇನಪ್ಪನ ಗುಣ ಹೇಳಲು ಬಾಯಿ ತೆರೆದವರೆಲ್ಲ ಬೋಲ್ಟಿನ ಮಾತು ಆಡಿದರು. ಅವನ ಬೇರೆ ಗುಣ ಯಾರಿಗೂ ಗೊತ್ತಿರಲಿಲ್ಲ. ತಮ್ಮ ತಾಯಿ ಪಟಾಲಮ್ಮ ಕೂರುವ ತೂಗುಮಣೆಯ ಕೊಂಡಿ ಮೂರು ವರ್ಷದಿಂದ ಕಿರುಗುಟ್ಟಿಲ್ಲ ಎಂದರು ಮುನಿನಾರಾಯಣಪ್ಪ. ನೌರೀನ್ ತನ್ನ ಹೊಲಿಗೆ ಮಷಿನಿನ ಪೆಡಲು ಮುರಿದಾಗ ಅದು ತಿರುಗುವ ಜಾಗಕ್ಕೆ ಅವನು ಹೊಸ ಬೋಲ್ಟು ಹಾಕಿ ಕೊಟ್ಟ ಕತೆ ಹೇಳಿ ಕಣ್ಣು ಒರೆಸಿಕೊಂಡಳು. ಸೊಪ್ಪಿನ ಗಾಡಿಯವನೊಬ್ಬ ಬಂದು, ನನ್ನ ಗಾಡಿಯ ಮುಂದಿನ ಚಕ್ರದ ಬೋಲ್ಟು ಅಣ್ಣನದೇ ಎಂದಷ್ಟೇ ಹೇಳಿ ಕೈ ಮುಗಿದು ಹೋದ.

ಯಂಕಮ್ಮನಿಗೆ ಎಲ್ಲಿಂದ ಸಿಟ್ಟು ಬಂತೋ. ಊರವರ ಗಾಡಿ ಓಡುತ್ತಿತ್ತು, ತೂಗುಮಣೆ ತೂಗುತ್ತಿತ್ತು. ಹೆಂಡತಿಯ ಕಾಲಿಗೆ ಎರಡು ಬೋಲ್ಟು ಹೆಚ್ಚಿಗೆ ಮಾಡಿಡಲು ಈ ಮನುಷ್ಯನಿಗೆ ಇಪ್ಪತ್ತಾರು ವರ್ಷ ಸಾಲಲಿಲ್ಲ. ಕುರ್ಚಿಯಲ್ಲಿ ಕೂತವನ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ಹೊಡೆಯಲು ಬಗ್ಗಬೇಕಿತ್ತು.

ನೌರೀನ್ ಹತ್ತಿರ ಬಂದು ಕಿವಿಯಲ್ಲಿ, "ಅಕ್ಕಾ, ನನ್ ಮಷಿನ್‌ದು ಬಿಚ್ಕೊಡ್ಲಾ? ಅದೂ ಅಣ್ಣ ಮಾಡಿದ್ದೇ ಅಲ್ವಾ," ಎಂದಳು. ಅದು ಹೆಬ್ಬೆರಳಿನಷ್ಟು ದಪ್ಪದ ಬೋಲ್ಟು. ಒಂದೊಂದನ್ನೂ ಅವನು ಒಂದೊಂದು ತೂತಿಗೆ ಅಳೆದು ಮಾಡಿದವನು. ಒಬ್ಬರದು ಇನ್ನೊಬ್ಬರಿಗೆ ಬರದು. ಯಂಕಮ್ಮ ಅವಳ ಕೈ ಹಿಡಿದುಕೊಂಡಳು, ಬೇಡ ಎಂದು ತಲೆಯಾಡಿಸಿದಳು.

*

ಒಂದು ಜೊತೆ ಹೆಚ್ಚಿಗೆ ಮಾಡಿಡು ಎಂದು ಅವಳು ಕೇಳದೆ ಇರಲಿಲ್ಲ. ಶನಿವಾರ ಬೆಳಿಗ್ಗೆಯೂ ಕೇಳಿದ್ದಳು. ಅವನು ಕ್ಯಾಲಿಪರ್ ಮುಂದೆ ಹಾಕಿಕೊಂಡು ಬೋಲ್ಟು ಬಿಚ್ಚುತ್ತಿದ್ದ. ಬಿಚ್ಚಿದ್ದನ್ನು ಬೆಳಕಿಗೆ ಹಿಡಿದು ಉಗುರಿನಿಂದ ಸವರಿ, ಇಲ್ಲಿ ಒಂದು ಕಡೆ ತಿಂದಿದೆ ನೋಡು ಎಂದು ತೋರಿಸಿದ. ಅವಳಿಗೆ ಏನೂ ಕಾಣಲಿಲ್ಲ.

"ಸ್ಪೇರ್ ಯಾಕ?" ಎಂದ. "ನಾ ಇಲ್ಲೇನು?"

ಅವಳಿಗೆ ಆವತ್ತು ಪಿಜಿಗೆ ರಜೆ ಹಾಕಿಸಿದ. ಸಂಜೆ ಐದಕ್ಕೆ ಶಿಫ್ಟು ಮುಗಿಯುತ್ತದೆ, ಆಮೇಲೆ ಒಂದು ತಾಸು ಮಾಲೀಕ ಲೇತು ಬಿಟ್ಟುಕೊಡುತ್ತಾನೆ, ಏಳಕ್ಕೆಲ್ಲ ಬಂದು ಹಾಕಿಬಿಡುತ್ತೇನೆ ಎಂದ. ನೀರಿನ ಕೊಡ, ಸ್ಟವ್ವು, ಈಳಿಗೆ, ಎಲ್ಲವನ್ನೂ ಅವಳ ಕೈಗೆ ಸಿಗುವ ಹಾಗೆ ನೆಲದ ಮೇಲೆ ಜೋಡಿಸಿದ. ಎದೆ ಉಜ್ಜಿಕೊಂಡ. ಏನೆಂದು ಕೇಳಿದ್ದಕ್ಕೆ, ನಿನ್ನೆ ತಿಂದ ಬಜ್ಜಿ ಎಂದ. ಸವೆದ ಬೋಲ್ಟುಗಳನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ಹೊರಗಿನಿಂದ ಕಿಟಕಿಯಲ್ಲಿ ಕೋಲು ತೂರಿಸಿ ಬಾಗಿಲ ಮೇಲಿನ ಒಳಚಿಲಕ ಜಾರಿಸಿ, ಬಸ್ಸಿಗೆ ಹೋದ.

ಏಳಾಯಿತು. ಏಳೂವರೆಗೆ ಅವನ ಫೋನಿನಿಂದ ಭೀಮಾಶಂಕರ ಮಾತಾಡಿದ. ಮೊದಲು ಸರಿಯಾಗಿ ಕೇಳಿಸಲಿಲ್ಲ. ಕೇಳಿಸಿದ ಮೇಲೆ ಯಂಕಮ್ಮ ಏಳಲು ಹೋದಳು. ಕಾಲಿಲ್ಲ ಎಂಬುದನ್ನು ಮರೆತು ಎದ್ದಳು, ಮುಖ ಅಡಿಯಾಗಿ ಬಿದ್ದಳು. ಹೊಸಿಲವರೆಗೆ ತೆವಳಿ, ಕೈ ಎತ್ತಿದರೂ ಸಿಗದ ಮೇಲಿನ ಚಿಲಕವನ್ನು ನೋಡಿ, ಬಾಗಿಲನ್ನು ಹಣೆಯಿಂದ ಬಡಿದಳು. ನೌರೀನ್ ಗಂಡ ಕಿಟಕಿಯಿಂದ ಕೋಲು ಹಾಕಿ ಚಿಲಕ ತೆಗೆಯುವ ಹೊತ್ತಿಗೆ ಹಣೆ ಒಡೆದಿತ್ತು.

ಲೇತಿನ ಬಾಯಲ್ಲಿ ಬೋಲ್ಟು ಇನ್ನೂ ಇದೆ ಎಂದು ಭೀಮಾಶಂಕರ ಆಮೇಲೆ ಹೇಳಿದ. ತಲೆ ಆಗಿದೆ, ಮೈ ಆಗಿದೆ, ಕನ್ನಡಿಯ ಹಾಗಿದೆ. ಥ್ರೆಡ್ಡು ಹಾಕಿಲ್ಲ.

*

ಹೊರಮಾವಿನ ಹಳೆಯ ಸ್ಮಶಾನ ಅಪಾರ್ಟ್‌ಮೆಂಟುಗಳ ಹಿಂದೆ ಅಡಗಿಕೊಂಡಿದೆ. ಅಲ್ಲಿ ಮಣ್ಣು ಮಾಡಲು ಊರಿನವರ ಒಪ್ಪಿಗೆ ಬೇಕು. ಮುನಿನಾರಾಯಣಪ್ಪ ನಾಲ್ಕು ಫೋನು ಮಾಡಿ ಒಪ್ಪಿಸಿದ್ದರು. ಹೆಣವನ್ನು ಲಿಂಗಸುಗೂರಿಗೆ ಒಯ್ಯೋಣ ಎಂದು ಲಕ್ಷ್ಮಿದೇವಿ ಹಟ ಹಿಡಿದಾಗ ಯಂಕಮ್ಮ ಬೇಡವೆಂದಿದ್ದಳು. ಅಲ್ಲಾದರೆ ವರ್ಷಕ್ಕೊಮ್ಮೆ ಬಸ್ಸು. ಇಲ್ಲಾದರೆ ಬೇಕೆಂದಾಗ ನಡೆದು ಹೋಗಿ ಬರಬಹುದು. ನಡೆದು ಎಂದು ಆಗ ಎಷ್ಟು ಸಲೀಸಾಗಿ ಅಂದುಬಿಟ್ಟಳು.

ಪೈಪು ಹಾಕಲು ರಸ್ತೆ ಅಗೆದಿದ್ದರಿಂದ ಗಾಡಿ ಹೋಗುವ ಹಾಗಿರಲಿಲ್ಲ. ಕುರ್ಚಿಯನ್ನು ನಾಲ್ವರು ಹೊತ್ತರು. ಹುಸೇನಪ್ಪ ಎತ್ತರದಲ್ಲಿ ಕೂತು, ಪ್ರತಿ ಹೆಜ್ಜೆಗೂ ಹೂಂ ಹೂಂ ಎನ್ನುವ ಹಾಗೆ ತಲೆಯಾಡಿಸುತ್ತ ಹೋದ. ಹಿಂದೆ ಯಂಕಮ್ಮ. ಒಂದು ಕೈಯಲ್ಲಿ ಲಕ್ಷ್ಮಿದೇವಿಯ ತೋಳು, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ. ಬೋಲ್ಟುಗಳು ಸಡಿಲವಾಗಲಿಲ್ಲ, ಅಲ್ಲಾಡಲಿಲ್ಲ, ಭೀಮಾಶಂಕರ ಕೊಟ್ಟ ಮಾತು ಉಳಿಸಿಕೊಂಡಿದ್ದ. ಮುಕ್ಕಾಲು ಕಿಲೋಮೀಟರು. ಮಣ್ಣಿನ ದಿಬ್ಬಗಳನ್ನು, ಕಲ್ಲುಗಳನ್ನು, ಚರಂಡಿಗೆ ಹಾಕಿದ ಹಲಗೆಯನ್ನು ದಾಟಿದಳು. ಎಲ್ಲಿಯೂ ನಿಲ್ಲಲಿಲ್ಲ. ತೊಡೆಯ ಒಳಗೆ ಚರ್ಮ ಕಿತ್ತು ಬಿಸಿಯಾಗಿ ಇಳಿಯುತ್ತಿದ್ದುದು ಬೆವರೋ ರಕ್ತವೋ ಅವಳು ನೋಡಲಿಲ್ಲ. ಗೇಟು ದಾಟಿದಾಗ, ಬಂದೆ ನೋಡು ಎಂದು ಮನಸ್ಸಿನಲ್ಲೇ ಗಂಡನಿಗೆ ಹೇಳಿದಳು. ಆ ಹೊತ್ತಿಗೆ ಒಂದು ಗಳಿಗೆ ಸಂತೋಷವೇ ಆಯಿತು.

ಕುಣಿ ಜೆಸಿಬಿಯಲ್ಲಿ ತೋಡಿದ್ದು, ಆಳವಾಗಿತ್ತು. ಹುಸೇನಪ್ಪನನ್ನು ಇಳಿಸಿದರು. ಖಾಲಿ ಕುರ್ಚಿಯನ್ನು ಬೇವಿನ ಮರದ ಕೆಳಗೆ ಎಸೆದರು. ಅವರ ಪೈಕಿ ಮೊದಲ ಮಣ್ಣು ಹೆಂಡತಿಯದು. ಅಂಚಿನಲ್ಲಿ ಕೂತು, ಬಗ್ಗಿ, ಕೈಯಿಂದ ಇಳಿಬಿಡಬೇಕು, ನಿಂತು ಎಸೆಯಬಾರದು. ನಿಂತು ಎಸೆಯುವುದು ಕಸ ಎಸೆದ ಹಾಗೆ, ಹೋದ ಜೀವ ಅದನ್ನು ಮುಟ್ಟುವುದಿಲ್ಲ ಎಂದು ಲಕ್ಷ್ಮಿದೇವಿ ತನ್ನ ಅತ್ತೆಯಿಂದ ಕೇಳಿದವಳು. ಯಂಕಮ್ಮನೂ ತನ್ನ ಅವ್ವನಿಂದ ಅದನ್ನೇ ಕೇಳಿದವಳು.

ಅವಳು ಅಂಚಿಗೆ ಬಂದು ನಿಂತಳು. ಗಂಡನ ತಲೆ ಎರಡಾಳು ಕೆಳಗಿತ್ತು.

"ಭೀಮಾಶಂಕರ, ನಡ್ಯೋದು ಮುಗೀತು," ಎಂದಳು. "ಈಗ ಕುಂದ್ರಿಸು ನನ್ನ."

ಅವನು ಗರಗಸ ತಂದಿದ್ದ. ಬಿದಿರಿನ ಕಂತೆಯ ಜೊತೆ ಯಾರಿಗೂ ಹೇಳದೆ ಇಟ್ಟುಕೊಂಡು ಬಂದಿದ್ದ. ಲಕ್ಷ್ಮಿದೇವಿ ತನ್ನ ಸೆರಗು ಹರವಿ ಮರೆ ಮಾಡಿದಳು. ಆಗ ಮೊದಲ ಸಲ ಆ ಮಂಡಿಯನ್ನು ಕಂಡಳು, ಎರಡು ಹೊಳೆಯುವ ಬೋಲ್ಟುಗಳನ್ನು ಕಂಡಳು. "ಅಯ್ಯ ನನ್ನವ್ವ," ಎಂದು ಬಾಯಿಗೆ ಕೈ ಇಟ್ಟಳು. ಮನೆಯ ಮುಂದೆ ತಾನಾಡಿದ ಮಾತು ನೆನಪಾಗಿ ಸೆರಗನ್ನು ಇನ್ನೂ ಅಗಲಕ್ಕೆ ಹರವಿದಳು.

ಭೀಮಾಶಂಕರ ಮಂಡಿಯೂರಿ ಹೊರಗಿನ ಬೋಲ್ಟಿಗೆ ಗರಗಸ ಹಚ್ಚಿದ. ಸ್ಟೇನ್‌ಲೆಸ್ ಬಿದಿರಲ್ಲ. ಕೀಸುವ ಸದ್ದು ಸ್ಮಶಾನದ ತುಂಬ ಹರಡಿತು. ಗಂಡಸರು ಬೇರೆ ಕಡೆ ನೋಡುತ್ತ ನಿಂತರು. ಹತ್ತು ನಿಮಿಷವಾಯಿತು. ಗೇಟಿನ ಹತ್ತಿರ ಇನ್ನೊಂದು ಹೆಣದ ತಮಟೆಯ ಸದ್ದು ಬಂತು. ಮುನಿನಾರಾಯಣಪ್ಪ ಎರಡು ಸಲ ಗಡಿಯಾರ ನೋಡಿಕೊಂಡು, ಸಂಕೋಚದಿಂದ, "ಇನ್ನೊಂದು ಬರ್ತಾ ಇದೆ ಕಣಮ್ಮ. ನಿಂತ್ಕೊಂಡೇ ಹಾಕ್ಬಿಡು, ಏನಾಗಲ್ಲ. ದೇವ್ರು ನೋಡ್ತಾನೆ," ಎಂದರು.

ಟಣ್ ಎಂದು ಹೊರಗಿನ ಬೋಲ್ಟು ತುಂಡಾಯಿತು. ಒಳಗಿನದಕ್ಕೆ ಗರಗಸ ಓರೆಯಾಗಿ ಹಿಡಿಯಬೇಕಿತ್ತು. ನಾಲ್ಕು ಸಲ ಎಳೆದ, ಐದನೆಯದಕ್ಕೆ ಬ್ಲೇಡು ಮುರಿಯಿತು. ಮುರಿದ ಬ್ಲೇಡು ಅವನ ಹೆಬ್ಬೆರಳು ಸೀಳಿತು. ಅವನು ಮುರಿದ ತುಂಡನ್ನೇ ಬೆರಳಿನಲ್ಲಿ ಹಿಡಿದು ಕೀಸತೊಡಗಿದ, ರಕ್ತ ಬೋಲ್ಟಿನ ಮೇಲೆ ಇಳಿಯಿತು.

"ನಾನ ಯಕ್ಕ," ಎನ್ನುತ್ತಿದ್ದ. "ನಾನ ಬಿಗದೀನಿ. ನಾನ ಬಿಗದೀನಿ ನೋಡು."

"ಬಿಡೋ," ಎಂದಳು ಯಂಕಮ್ಮ. "ಕೈ ತಗಿ."

ಈಗ ಕ್ಯಾಲಿಪರ್ ಒಂದು ಕಡೆಯಿಂದ ಬಿಟ್ಟುಕೊಂಡು, ಇನ್ನೊಂದು ಕಡೆ ಬಿಗಿದುಕೊಂಡು ಸೊಟ್ಟಗಾಗುತ್ತಿತ್ತು. ನಿಲ್ಲಿಸುವುದಕ್ಕೂ ಬಾರದು, ಕೂರಿಸುವುದಕ್ಕೂ ಬಾರದು. ಅವಳು ಲಕ್ಷ್ಮಿದೇವಿಯ ಹೆಗಲಿಗೆ ಭಾರ ಹಾಕಿದಳು. ಇಪ್ಪತ್ತಾರು ವರ್ಷ ಗಂಡನ ಹೊರತು ಬೇರೆ ಗಂಡಸಿನ ಕಣ್ಣಿಗೆ ಬರಿದಾಗಿ ಬೀಳದ ಹಾಗೆ ಕಾಪಾಡಿಕೊಂಡಿದ್ದ ಕಾಲು ಅದು. ಸೀರೆಯನ್ನು ತೊಡೆಯವರೆಗೆ ಎತ್ತಿ, ಮೇಲಿನ ಬೆಲ್ಟು ಬಿಚ್ಚಿದಳು, ಕೆಳಗಿನದು ಬಿಚ್ಚಿದಳು, ಬೂಟಿನ ಲೇಸು ಲಕ್ಷ್ಮಿದೇವಿ ಬಿಚ್ಚಿದಳು. ಕಾಲು ಹೊರಗೆ ಬಂತು, ಮಗುವಿನ ಕೈಯಷ್ಟು ಸಣ್ಣದು. ಭೀಮಾಶಂಕರನ ಕೈಯಲ್ಲಿ ಕ್ಯಾಲಿಪರ್ ಹಾಗೆಯೇ ಉಳಿಯಿತು.

ಯಂಕಮ್ಮ ಕುಣಿಯ ಅಂಚಿಗೆ ಕೂತಳು. ಕ್ಯಾಲಿಪರ್ ಕಟ್ಟಿದಾಗಿನಿಂದ ಮೊದಲ ಸಲ ಕೂತಳು. ಕೂತದ್ದೇ ತಡ ಒಳಗಿನಿಂದ ಅಳು ಬಂತು, ಗಂಟಲು ಹರಿಯುವ ಹಾಗೆ ಬಂತು. ಹಸಿ ಮಣ್ಣನ್ನು ಬೊಗಸೆ ತುಂಬ ತೆಗೆದುಕೊಂಡು, ಬಗ್ಗಿ, ಹೊಟ್ಟೆಯನ್ನು ಅಂಚಿಗೆ ಒತ್ತಿ, ತೋಳು ಚಾಚಿದಷ್ಟು ಚಾಚಿ ಇಳಿಬಿಟ್ಟಳು. ಒಂದು ಹಿಡಿ. ಎರಡು ಹಿಡಿ. ಮೂರನೆಯದನ್ನು ಬಿಡಲಿಲ್ಲ, ಲಕ್ಷ್ಮಿದೇವಿ ಬೆರಳು ಬಿಡಿಸಿದಳು.

ಎಲ್ಲರೂ ಮಣ್ಣು ಕೊಟ್ಟರು. ಸಲಿಕೆಯವರು ತುಂಬಿದರು. ಹಿಂತಿರುಗಿ ನೋಡದೆ ನಡೆಯಬೇಕು ಎಂದು ಹೇಳಿ ಜನ ಗೇಟಿನ ಕಡೆ ಹೊರಟರು. ಇನ್ನೊಂದು ಹೆಣದವರು ಆಗಲೇ ಒಳಗೆ ಬಂದಿದ್ದರು. ಯಂಕಮ್ಮ ಕೂತಲ್ಲೇ ಇದ್ದಳು. ಭೀಮಾಶಂಕರ ಅವಳ ಮುಂದೆ ಬಂದು, ಎತ್ತಿಕೊಳ್ಳಲು ಕೈ ಚಾಚಿ, ಚಾಚಿದ ಕೈಗಳನ್ನು ಹಿಂದಕ್ಕೆಳೆದುಕೊಂಡ.

ಅವಳು ಸುತ್ತ ನೋಡಿದಳು. ಬೇವಿನ ಮರದ ಕೆಳಗೆ ನೋಡಿದಳು.

"ಆ ಕುರ್ಚಿ ತರ್ರಿ," ಎಂದಳು.

"ಏ ಹುಚ್ಚಿ, ಅದು ಹೆಣದ್ದು," ಎಂದಳು ಲಕ್ಷ್ಮಿದೇವಿ. "ಅದನ್ನ ವಾಪಸ್ ಒಯ್ಯಬಾರ್ದು."

"ನಡ್ಯಾಕ ಬರ್ತಿದ್ರ ನಾನೂ ಬ್ಯಾಡಂತಿದ್ದೆ ಅತ್ತಿ."

ಬೇರೆ ದಾರಿ ಯಾರಿಗೂ ಹೊಳೆಯಲಿಲ್ಲ. ಹೊತ್ತು ತಂದ ನಾಲ್ವರೇ ಮತ್ತೆ ಬಿದಿರಿಗೆ ಹೆಗಲು ಕೊಟ್ಟರು. ಕುರ್ಚಿಯ ಕೈಗಳಿಗೆ ಸುತ್ತಿದ್ದ ಚೆಂಡು ಹೂವನ್ನು ತೆಗೆಯಲು ಯಾರಿಗೂ ತೋಚಲಿಲ್ಲ. ಅಗೆದ ರಸ್ತೆಯ ಗುಂಡಿಗಳಲ್ಲಿ ಕುರ್ಚಿ ಓಲಾಡಿತು. ಬೀಳದಿರಲು ಯಂಕಮ್ಮ ಗಂಡನನ್ನು ಕಟ್ಟಿದ್ದ ಪಂಚೆಯನ್ನೇ ಸೊಂಟಕ್ಕೆ ಸುತ್ತಿಕೊಂಡಳು. ಭೀಮಾಶಂಕರ ಹಿಂದೆ ಬರುತ್ತಿದ್ದ, ಸೊಟ್ಟಗಾದ ಕ್ಯಾಲಿಪರನ್ನು ಎದೆಗೆ ಅವುಚಿಕೊಂಡು. ನಾಳೆ ಶೆಡ್ಡಿನ ಬೀಗ ತೆಗೆದಾರು. ಲೇತಿನ ಬಾಯಲ್ಲಿರುವ ಆ ಬೋಲ್ಟಿಗೆ ಥ್ರೆಡ್ಡು ಹಾಕಲು ಯಾರನ್ನಾದರೂ ಕೇಳಬಹುದು. ಒಂದಕ್ಕೆ ಹಾಕಿಸಬಹುದು. ಇನ್ನೊಂದರ ಮೈ ಎಷ್ಟು ಉದ್ದ ಇಡಬೇಕೆಂದು ಯಾರು ಅಳೆದಾರು, ಅದು ಸವೆದಾಗ ಕಟಕಟ ಯಾರಿಗೆ ಕೇಳಿಸೀತು ಎಂದು ಯಂಕಮ್ಮ ಯೋಚಿಸಿದಳು.

ಮುಖ್ಯರಸ್ತೆಗೆ ಬಂದರು. ಎದುರಿನಿಂದ ಬಂದ ಆಟೋದವನು ಬಿದಿರು ನೋಡಿದ, ಹೂವು ನೋಡಿದ, ಎತ್ತರದಲ್ಲಿ ಕೂತವಳನ್ನು ನೋಡಿದ. ಗಾಡಿ ಬದಿಗೆ ಹಾಕಿ ಎಂಜಿನ್ ನಿಲ್ಲಿಸಿದ. ಕೆಳಗಿಳಿದು, ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ಕೈ ಮುಗಿದ. ಅವನ ಗಾಡಿಯಲ್ಲಿದ್ದ ಹೆಂಗಸೂ ಸೆರಗು ತಲೆಗೆ ಎಳೆದುಕೊಂಡು ಕೈ ಮುಗಿದಳು. ಯಂಕಮ್ಮ ಮೇಲಿನಿಂದ ಅವರಿಬ್ಬರನ್ನೂ ನೋಡಿದಳು. ಕುರ್ಚಿ ದಾಟಿ ಹೋಗುವವರೆಗೂ ಅವರು ಕೈ ಇಳಿಸಲಿಲ್ಲ.